ಪಕ್ಕದ ಕುರ್ಚಿಯವರ ಪ್ರಶ್ನೆ

ರಾಜಧಾನಿಯಲ್ಲೂ ಜಿಲ್ಲಾ ಕೇಂದ್ರಗಳಲ್ಲೂ ರಾಜಕೀಯ ಸುದ್ದಿಯನ್ನು ವರದಿ ಮಾಡುವ ಕರ್ನಾಟಕದ ಪತ್ರಕರ್ತರಿಗೆ ಒಂದು ಬಹಿರಂಗ ಪತ್ರ



ಅಧಿಕಾರದಲ್ಲಿರುವವರನ್ನು ಪ್ರಶ್ನಿಸುವುದು ಪತ್ರಿಕಾವೃತ್ತಿಯ ಮೂಲ ಕರ್ತವ್ಯವೆಂಬುದನ್ನು ಈ ವೃತ್ತಿಯಲ್ಲಿರುವ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದರ ನೆನಪಿಗೆ ವರ್ಷವರ್ಷವೂ ನಡೆಯುವ ಪತ್ರಿಕಾ ದಿನಾಚರಣೆಯ ವೇದಿಕೆಗಳಲ್ಲಿ ಆ ಮಾತು ತಪ್ಪದೆ ಕೇಳಿಬರುತ್ತದೆ. ಕನ್ನಡದ ವರದಿಗಾರರಲ್ಲಿ ಪ್ರಶ್ನೆ ಕೇಳುವ ಧೈರ್ಯ ಇಲ್ಲವೆಂದು ಈ ಪತ್ರ ದೂರುವುದಿಲ್ಲ, ಏಕೆಂದರೆ ಸುದ್ದಿಗೋಷ್ಠಿಗಳ ನೇರ ಪ್ರಸಾರವನ್ನು ಗಮನವಿಟ್ಟು ನೋಡುವವರಿಗೆ ಒಳ್ಳೆಯ ಮೊದಲ ಪ್ರಶ್ನೆಗಳು ಬರುತ್ತಲೇ ಇರುವುದು ಕಾಣುತ್ತದೆ. ಕೊರತೆ ಇರುವುದು ಎರಡನೆಯ ಪ್ರಶ್ನೆಯಲ್ಲಿ. ಸಚಿವರೊಬ್ಬರು ಮೊದಲ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಟ್ಟ ಕೂಡಲೇ ಪಕ್ಕದ ಕುರ್ಚಿಯಿಂದ ಬೇರೆ ವಿಷಯದ ಪ್ರಶ್ನೆಯೊಂದು ಏಳುತ್ತದೆ, ಸಚಿವರು ನೆಮ್ಮದಿಯಿಂದ ಆ ಕಡೆಗೆ ಮುಖ ತಿರುಗಿಸುತ್ತಾರೆ, ಮೊದಲ ಪ್ರಶ್ನೆ ಅಲ್ಲಿಗೇ ಸಾಯುತ್ತದೆ. ಆ ಸಾವನ್ನು ತಪ್ಪಿಸುವುದು ಪ್ರಶ್ನೆ ಕೇಳಿದ ಒಬ್ಬ ವರದಿಗಾರರ ಕೈಯಲ್ಲಿ ಇಲ್ಲ, ಅದು ಆ ಕೋಣೆಯಲ್ಲಿ ಕುಳಿತ ಎಲ್ಲರ ಕೈಯಲ್ಲಿದೆ ಎಂಬ ಒಂದೇ ಮಾತನ್ನು ಮುಂದಿಡುವುದಕ್ಕಾಗಿ ಈ ಪತ್ರವನ್ನು ಬರೆಯಲಾಗಿದೆ.

ಎರಡನೆಯ ಪ್ರಶ್ನೆಯ ಬೆಲೆಯನ್ನು ಶಾಸನಸಭೆಗಳು ಬಹು ಹಿಂದೆಯೇ ಅರಿತು ಅದಕ್ಕೆ ನಿಯಮದ ಬಲ ಕೊಟ್ಟಿವೆ. ಸದನದ ಪ್ರಶ್ನೋತ್ತರ ಕಲಾಪದಲ್ಲಿ ಸಚಿವರು ಎದ್ದುನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕಾದದ್ದನ್ನು ಚುಕ್ಕೆ ಗುರುತಿನ ಪ್ರಶ್ನೆಯೆಂದೂ ಲಿಖಿತ ಉತ್ತರ ಒದಗಿಸಿದರೆ ಸಾಕಾಗುವುದನ್ನು ಚುಕ್ಕೆ ಗುರುತಿಲ್ಲದ ಪ್ರಶ್ನೆಯೆಂದೂ ಕರೆಯುತ್ತಾರೆ. ಚುಕ್ಕೆಯ ಮಹತ್ವವಿರುವುದು ಬಾಯಿಮಾತಿನ ಉತ್ತರಕ್ಕಿಂತ ಹೆಚ್ಚಾಗಿ ಆ ಉತ್ತರದ ಬೆನ್ನಿಗೇ ಕೇಳಬಹುದಾದ ಉಪಪ್ರಶ್ನೆಯಲ್ಲಿ: ಮೂಲ ಪ್ರಶ್ನೆಯನ್ನು ಸಚಿವಾಲಯದ ಅಧಿಕಾರಿಗಳು ಮುಂಚಿತವಾಗಿ ಓದಿ ಉತ್ತರ ಸಿದ್ಧಪಡಿಸಿರುತ್ತಾರೆ, ಉಪಪ್ರಶ್ನೆಯನ್ನು ಮಾತ್ರ ಸಚಿವರು ತಮ್ಮ ತಿಳಿವಳಿಕೆಯ ಬಲದಿಂದಲೇ ಎದುರಿಸಬೇಕಾಗುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ಇದೆ. ಉಪಪ್ರಶ್ನೆಯ ಅವಕಾಶ ಮೂಲ ಪ್ರಶ್ನೆ ಕೇಳಿದ ಸದಸ್ಯರಿಗಷ್ಟೇ ಮೀಸಲಾಗಿಲ್ಲ; ಸಭಾಧ್ಯಕ್ಷರ ಅನುಮತಿ ಪಡೆದು ಬೇರೆ ಸದಸ್ಯರೂ ಅದೇ ಎಳೆಯನ್ನು ಹಿಡಿದು ಮುಂದುವರಿಸಬಹುದು. ಒಮ್ಮೆ ಸದನದ ಮುಂದೆ ಬಂದ ಪ್ರಶ್ನೆ ಇಡೀ ಸದನದ ಸೊತ್ತಾಗುತ್ತದೆ ಎಂಬ ತಿಳಿವಳಿಕೆ ಈ ಪದ್ಧತಿಯಲ್ಲಿ ಅಡಗಿದೆ.

ಈ ಪದ್ಧತಿ ಏನನ್ನು ಸಾಧಿಸಬಲ್ಲದೆಂಬುದಕ್ಕೆ ಮುಂದ್ರಾ ಪ್ರಕರಣವನ್ನು ನೆನೆಯಬಹುದು. ಆಗತಾನೇ, 1956ರಲ್ಲಿ, ರಾಷ್ಟ್ರೀಕರಣದಿಂದ ಹುಟ್ಟಿದ್ದ ಜೀವ ವಿಮಾ ನಿಗಮವು ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರುಗಳಲ್ಲಿ ಸುಮಾರು 1.25 ಕೋಟಿ ರೂಪಾಯಿ ತೊಡಗಿಸಿದ್ದರ ಬಗ್ಗೆ ಲೋಕಸಭೆಯಲ್ಲಿ ಎದ್ದ ಪ್ರಶ್ನೆಗಳಿಗೆ ಸರ್ಕಾರದಿಂದ ಬಂದ ಉತ್ತರಗಳು ತೃಪ್ತಿಕರವಾಗಿರಲಿಲ್ಲ. ಆಳುವ ಪಕ್ಷದ ಸದಸ್ಯರೂ ಪ್ರಧಾನಿಯ ಅಳಿಯನೂ ಆಗಿದ್ದ ಫಿರೋಜ್ ಗಾಂಧಿಯವರು 1957ರ ಡಿಸೆಂಬರಿನಲ್ಲಿ ಆ ಎಳೆಯನ್ನು ಕೈಗೆತ್ತಿಕೊಂಡು, ಅಂಕಿಅಂಶಗಳ ಸಮೇತ ಸದನದ ಮುಂದೆ ಬಿಚ್ಚಿಟ್ಟರು. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಅವರ ಆಯೋಗ ಬಹಿರಂಗ ವಿಚಾರಣೆ ನಡೆಸಿತು. 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಸಂಸತ್ತಿನ ಕಲಾಪವನ್ನು ಸತ್ಯನಿಷ್ಠವಾಗಿ ವರದಿ ಮಾಡುವ ಪತ್ರಿಕೆಗಳಿಗೆ ಮಾನನಷ್ಟ ಮೊಕದ್ದಮೆಗಳಿಂದ ರಕ್ಷಣೆ ಕೊಟ್ಟ 1956ರ ಕಾಯ್ದೆಯೂ ಇದೇ ಫಿರೋಜ್ ಗಾಂಧಿಯವರು ಖಾಸಗಿ ಸದಸ್ಯರಾಗಿ ಮಂಡಿಸಿದ ಮಸೂದೆಯಿಂದ ಬಂದದ್ದೆಂಬುದನ್ನು ಪತ್ರಕರ್ತರು ಮರೆಯಬಾರದು.

ಕನ್ನಡನಾಡಿಗೆ ಪ್ರಶ್ನೆಯ ಪರಂಪರೆ ಹೊಸದಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರಿನಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆ ದಸರೆಯ ಹೊತ್ತಿಗೆ ಸೇರುತ್ತಿತ್ತು. ಅಲ್ಲಿ ದಿವಾನರು ಆಡಳಿತದ ಲೆಕ್ಕವನ್ನು ಓದಿ ಹೇಳುತ್ತಿದ್ದರು, ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳುತ್ತಿದ್ದರು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ ಆಗಿತ್ತು. ಆದರೆ ಈಗಿನ ಬಹುಪಾಲು ಸುದ್ದಿಗೋಷ್ಠಿಗಳು ನಡೆಯುವ ಕ್ರಮವನ್ನು ನೋಡಿದರೆ ಅವು ಆ ಸಭೆಯ ಮೊದಮೊದಲ ದಿನಗಳನ್ನೇ ನೆನಪಿಗೆ ತರುತ್ತವೆ: ಒಬ್ಬರು ಲೆಕ್ಕ ಓದುತ್ತಾರೆ, ಉಳಿದವರು ಒಬ್ಬೊಬ್ಬರಾಗಿ ತಮ್ಮ ಅರಿಕೆಯನ್ನು ಮುಂದಿಡುತ್ತಾರೆ, ಒಂದು ಅರಿಕೆಗೂ ಇನ್ನೊಂದಕ್ಕೂ ನಂಟಿರುವುದಿಲ್ಲ.

ರಾಜಕಾರಣಿಗಳು ಪ್ರಶ್ನೆಯಿಂದ ಹೇಗೆ ಜಾರಿಕೊಳ್ಳುತ್ತಾರೆಂಬುದನ್ನು ವಿದ್ವಾಂಸರೂ ಅಧ್ಯಯನ ಮಾಡಿದ್ದಾರೆ. ಬ್ರಿಟನ್ನಿನ ಪೀಟರ್ ಬುಲ್ ಮತ್ತು ಕೇಟ್ ಮೇಯರ್ 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 1987ರ ಚುನಾವಣೆಯ ಕಾಲದಲ್ಲಿ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮತ್ತು ವಿರೋಧ ಪಕ್ಷದ ನಾಯಕ ನೀಲ್ ಕಿನಾಕ್ ನೀಡಿದ ದೂರದರ್ಶನ ಸಂದರ್ಶನಗಳನ್ನು ಸಾಲುಸಾಲಾಗಿ ಬಿಡಿಸಿ ನೋಡಿ, ಇಬ್ಬರೂ ತಮಗೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಕಡಿಮೆ ಪ್ರಶ್ನೆಗಳಿಗೆ ಮಾತ್ರ ನೇರ ಉತ್ತರ ಕೊಟ್ಟಿದ್ದರೆಂದು ತೋರಿಸಿದರು. ಉಳಿದವುಗಳಿಂದ ತಪ್ಪಿಸಿಕೊಂಡ ಬಗೆಗಳನ್ನು, ಅಂದರೆ ಪ್ರಶ್ನೆಯ ಮೇಲೆಯೇ ಎರಗುವುದು, ಪ್ರಶ್ನೆ ಕೇಳಿದವರ ಮೇಲೆ ಎರಗುವುದು, ಅರ್ಧ ಉತ್ತರ ಕೊಟ್ಟು ನಿಲ್ಲಿಸುವುದು, ಆಗಲೇ ಹೇಳಿಯಾಗಿದೆ ಎನ್ನುವುದು ಮೊದಲಾದವನ್ನು ಅವರು ವಿಂಗಡಿಸಿ ಹೆಸರಿಟ್ಟರು. ಇಂಥದೇ ಪಟ್ಟಿಯನ್ನು ಕನ್ನಡದಲ್ಲಿ ಮಾಡಹೊರಟರೆ ಅದರ ಸಾಮಗ್ರಿಯನ್ನು ವರದಿಗಾರರು ಬಾಯಿಪಾಠವಾಗಿ ಒಪ್ಪಿಸಬಲ್ಲರು. ‘ವರದಿ ಬರಲಿ, ನೋಡೋಣ’, ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’, ‘ಪ್ರಕರಣ ನ್ಯಾಯಾಲಯದಲ್ಲಿದೆ’, ‘ಕಾನೂನು ತನ್ನ ಕೆಲಸ ಮಾಡುತ್ತದೆ’, ‘ಅದು ಹೈಕಮಾಂಡಿಗೆ ಬಿಟ್ಟದ್ದು’, ‘ಅವರ ಸರ್ಕಾರ ಇದ್ದಾಗ ಏನು ಮಾಡಿದ್ದರು ಕೇಳಿ’, ಕೊನೆಗೆ ‘ನೀವು ಯಾವ ಚಾನೆಲ್?’ ಎಂಬಿವು ಪಕ್ಷಭೇದವಿಲ್ಲದೆ ಎಲ್ಲರ ನಾಲಗೆಯ ಮೇಲೂ ಇವೆ. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಈ ಮಾತುಗಳಲ್ಲಿ ಸುಳ್ಳು ಇರಬೇಕೆಂದೇನೂ ಇಲ್ಲ. ಪ್ರಕರಣ ನಿಜವಾಗಿಯೂ ನ್ಯಾಯಾಲಯದಲ್ಲಿ ಇರಬಹುದು. ಆದರೆ ಕೇಳಿದ್ದು ನ್ಯಾಯಾಲಯದ ತೀರ್ಪಿನ ಬಗ್ಗೆ ಆಗಿರದೆ ಸಚಿವರು ಕಡತಕ್ಕೆ ಸಹಿ ಹಾಕಿದ ದಿನಾಂಕದ ಬಗ್ಗೆ ಆಗಿದ್ದರೆ, ಆ ಉತ್ತರ ಉತ್ತರವೇ ಅಲ್ಲ. ಅದನ್ನು ಆ ಕ್ಷಣದಲ್ಲಿಯೇ, ಎಲ್ಲರ ಎದುರಿಗೆ, ಸೌಜನ್ಯದಿಂದ ಹೇಳುವವರು ಬೇಕು.

ಕಠಿಣ ಪ್ರಶ್ನೆಯ ಮಾತು ಬಂದಾಗಲೆಲ್ಲ ಬಿಬಿಸಿಯ ‘ನ್ಯೂಸ್‌ನೈಟ್’ ಕಾರ್ಯಕ್ರಮದ ಜೆರೆಮಿ ಪ್ಯಾಕ್ಸ್‌ಮನ್ ಅವರ ಉದಾಹರಣೆಯನ್ನು ಕೊಡುವುದು ರೂಢಿ. ಬ್ರಿಟನ್ನಿನ ಮಾಜಿ ಗೃಹ ಸಚಿವ ಮೈಕೆಲ್ ಹೊವರ್ಡ್ ತಾವು ಸಚಿವರಾಗಿದ್ದಾಗ ಕಾರಾಗೃಹ ಇಲಾಖೆಯ ಮಹಾನಿರ್ದೇಶಕರ ತೀರ್ಮಾನವನ್ನು ತಳ್ಳಿಹಾಕುವುದಾಗಿ ಬೆದರಿಸಿದ್ದರೇ ಎಂಬ ಒಂದೇ ಪ್ರಶ್ನೆಯನ್ನು 1997ರ ಮೇ 13ರಂದು ಪ್ಯಾಕ್ಸ್‌ಮನ್ ಸುಮಾರು 12 ಸಲ ಕೇಳಿದರು, ಹೊವರ್ಡ್ ಒಮ್ಮೆಯೂ ಹೌದು ಅಥವಾ ಇಲ್ಲ ಎನ್ನಲಿಲ್ಲ. ಮುಂದಿನ ಅಂಶ ಪ್ರಸಾರಕ್ಕೆ ಸಿದ್ಧವಾಗಿರದಿದ್ದ ಕಾರಣ ಹೊತ್ತು ತುಂಬಿಸಬೇಕಾಯಿತೆಂದು ಪ್ಯಾಕ್ಸ್‌ಮನ್ ಅವರೇ ಅನಂತರ ಹೇಳಿಕೊಂಡದ್ದುಂಟು. ಹಾಗಿದ್ದರೂ ಉತ್ತರ ಸಿಗದ ಪ್ರಶ್ನೆಯನ್ನು ಬಿಡದೆ ಕೇಳಿದರೆ ಉತ್ತರವಿಲ್ಲದಿರುವುದೇ ಒಂದು ಸುದ್ದಿಯಾಗುತ್ತದೆ ಎಂಬುದು ಅಂದು ಸಿದ್ಧವಾಯಿತು. ಭಾರತದಲ್ಲಿ ಪತ್ರಕರ್ತ ಕರಣ್ ಥಾಪರ್ ಅವರು 2004ರಲ್ಲಿ ಆಗಿನ ತಮಿಳುನಾಡು ಮುಖ್ಯಮಂತ್ರಿ ಜಯಲಲಿತಾ ಅವರೊಂದಿಗೆ ನಡೆಸಿದ ಸಂದರ್ಶನವೂ, 2007ರಲ್ಲಿ ಆಗಿನ ಗುಜರಾತ್ ಮುಖ್ಯಮಂತ್ರಿ ನರೇಂದ್ರ ಮೋದಿಯವರು ಕೆಲವೇ ನಿಮಿಷಗಳಲ್ಲಿ ಮೈಕ್ ತೆಗೆದಿಟ್ಟು ಎದ್ದುಹೋದ, ಥಾಪರ್ ಅವರದೇ ಇನ್ನೊಂದು ಸಂದರ್ಶನವೂ ಇದೇ ಸಾಲಿಗೆ ಸೇರುತ್ತವೆ.

ಆದರೆ ಈ ಮಾದರಿಗೆ ದೊಡ್ಡ ಮಿತಿಯೊಂದಿದೆ. ಒಬ್ಬರೇ ಕೂತು ಒಬ್ಬರನ್ನು ಪ್ರಶ್ನಿಸುವ ಸಂದರ್ಶನದಲ್ಲಿ ಇಡೀ ಭಾರ ಒಬ್ಬರ ಮೇಲೆ ಬೀಳುತ್ತದೆ. ರಾಜಕಾರಣಿಗೆ ಎದ್ದುಹೋಗುವ, ಮುಂದಿನ ಸಲ ಬಾರದಿರುವ, ತನಗೆ ಹಿತವಾಗುವ ಇನ್ನೊಬ್ಬ ಸಂದರ್ಶಕರನ್ನು ಆರಿಸಿಕೊಳ್ಳುವ ದಾರಿಗಳು ತೆರೆದಿರುತ್ತವೆ. ದೊಡ್ಡ ಸಂಸ್ಥೆಯ ಬೆಂಬಲವಿರುವ ಹೆಸರಾಂತ ಪತ್ರಕರ್ತರು ಆ ಹೊಡೆತವನ್ನು ತಾಳಿಕೊಂಡಾರು. ತಾಲ್ಲೂಕಿನಲ್ಲಿ ಅರೆಕಾಲಿಕವಾಗಿ ದುಡಿಯುತ್ತ, ಸುದ್ದಿಯ ಜೊತೆಗೆ ಜಾಹೀರಾತನ್ನೂ ತಾವೇ ತರಬೇಕಾದ ವರದಿಗಾರರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಆದ್ದರಿಂದ ಕನ್ನಡದ ಪತ್ರಕರ್ತರು ಪ್ಯಾಕ್ಸ್‌ಮನ್ ಅವರಿಗಿಂತ ಹೆಚ್ಚಾಗಿ ಹೇಗ್ ನಗರದ ವರದಿಗಾರರನ್ನು ನೋಡಬೇಕೆಂದು ಈ ಪತ್ರ ಕೋರುತ್ತದೆ.

ಅಮೆರಿಕದ ಮಾಜಿ ಸಂಸದ ಪೀಟ್ ಹೂಕ್‌ಸ್ಟ್ರಾ ನೆದರ್ಲೆಂಡ್ಸ್‌ಗೆ ರಾಯಭಾರಿಯಾಗಿ ಬಂದು 2018ರ ಜನವರಿ 10ರಂದು ಹೇಗ್‌ನ ತಮ್ಮ ನಿವಾಸದಲ್ಲಿ ಅಲ್ಲಿನ ಪತ್ರಕರ್ತರನ್ನು ಭೇಟಿಯಾದರು. ಅದಕ್ಕೆ ಮೊದಲು, 2015ರಲ್ಲಿ, ಅವರು ಸಭೆಯೊಂದರಲ್ಲಿ ಮಾತನಾಡುತ್ತ ನೆದರ್ಲೆಂಡ್ಸ್‌ನಲ್ಲಿ ಮುಸ್ಲಿಮರ ವಲಸೆಯ ಫಲವಾಗಿ ಯಾರೂ ಕಾಲಿಡಲಾಗದ ಪ್ರದೇಶಗಳು ಹುಟ್ಟಿಕೊಂಡಿವೆ, ರಾಜಕಾರಣಿಗಳನ್ನು ಸುಡಲಾಗುತ್ತಿದೆ ಎಂದು ಹೇಳಿದ್ದರು. ಗೋಷ್ಠಿಯಲ್ಲಿ ಒಬ್ಬ ವರದಿಗಾರರು ಎದ್ದು, ಸುಡಲಾದ ಒಬ್ಬ ರಾಜಕಾರಣಿಯ ಹೆಸರು ಹೇಳುವಿರಾ ಎಂದು ಕೇಳಿದರು. ರಾಯಭಾರಿ ಆ ವಿಷಯವನ್ನು ಮತ್ತೆ ಕೆದಕಲಾರೆ ಎಂಬರ್ಥದ ಮಾತಾಡಿ ಬೇರೆಯವರತ್ತ ತಿರುಗಿದರು. ಆ ಬೇರೆಯವರೂ ಅದೇ ಪ್ರಶ್ನೆಯನ್ನು ಕೇಳಿದರು. ಅವರ ನಂತರದವರೂ ಅದನ್ನೇ ಕೇಳಿದರು. ಇದು ನೆದರ್ಲೆಂಡ್ಸ್, ಇಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ ಎಂದು ಒಬ್ಬರು ನೆನಪಿಸಿದರು. ಆ ಸಭೆಯಲ್ಲಿ ಯಾರೂ ದನಿಯೇರಿಸಿ ಕೂಗಲಿಲ್ಲ, ಯಾರೂ ಅವಮಾನ ಮಾಡಲಿಲ್ಲ. ಬೇರೆ ಬೇರೆ ಸಂಸ್ಥೆಗಳಿಗೆ ಸೇರಿದ, ಮರುದಿನದ ಸುದ್ದಿಗಾಗಿ ಪರಸ್ಪರ ಪೈಪೋಟಿ ನಡೆಸುವ ಪತ್ರಕರ್ತರು ತಮ್ಮ ತಮ್ಮ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು, ಉತ್ತರ ಸಿಗದೆ ಉಳಿದಿದ್ದ ಒಂದು ಪ್ರಶ್ನೆಯನ್ನು ಕೈಯಿಂದ ಕೈಗೆ ದಾಟಿಸಿದರು. ಅಂದು ಉತ್ತರ ಬರಲಿಲ್ಲ. ಕೆಲವೇ ದಿನಗಳಲ್ಲಿ ರಾಯಭಾರಿ ತಮ್ಮ ಹೇಳಿಕೆ ತಪ್ಪೆಂದು ಒಪ್ಪಿಕೊಂಡು ಅಲ್ಲಿನ ಪತ್ರಿಕೆಯೊಂದರ ಮೂಲಕ ಕ್ಷಮೆ ಕೇಳಿದರು.

ಇಂಥ ನಡೆ ಆ ಒಂದು ಊರಿಗೆ ಸೀಮಿತವಾದ ಪವಾಡವೇನಲ್ಲ. ಅದೇ ವರ್ಷದ ಜುಲೈ 18ರಂದು ಅಮೆರಿಕದ ಶ್ವೇತಭವನದ ಗೋಷ್ಠಿಯಲ್ಲಿ ಎನ್‌ಬಿಸಿಯ ಹ್ಯಾಲಿ ಜಾಕ್ಸನ್ ಅವರಿಗೆ ಮರುಪ್ರಶ್ನೆ ಕೇಳಲು ಬಿಡದೆ ವಕ್ತಾರೆ ಸಾರಾ ಸ್ಯಾಂಡರ್ಸ್ ಮುಂದಿನ ವರದಿಗಾರರಾದ ‘ದಿ ಹಿಲ್’ ಪತ್ರಿಕೆಯ ಜೋರ್ಡನ್ ಫೇಬಿಯನ್ ಅವರನ್ನು ಕರೆದಾಗ, ಫೇಬಿಯನ್ ತಮಗೆ ಸಿಕ್ಕ ಸರದಿಯನ್ನು ಜಾಕ್ಸನ್ ಅವರಿಗೇ ಮರಳಿಸಿದರು. ನೆರೆಯ ಚೆನ್ನೈಯಲ್ಲಿ ಅದೇ 2018ರ ಏಪ್ರಿಲ್‌ನಲ್ಲಿ ಅಂದಿನ ತಮಿಳುನಾಡು ರಾಜ್ಯಪಾಲ ಬನ್ವಾರಿಲಾಲ್ ಪುರೋಹಿತ್ ಗೋಷ್ಠಿಯ ಕೊನೆಯಲ್ಲಿ ಪ್ರಶ್ನೆ ಕೇಳಿದ ಪತ್ರಕರ್ತೆಗೆ ಉತ್ತರ ಕೊಡುವ ಬದಲು ಆಕೆಯ ಕೆನ್ನೆ ತಟ್ಟಿದರು. ಪತ್ರಕರ್ತರು ನೂರಾರು ಸಂಖ್ಯೆಯಲ್ಲಿ ಸಹಿ ಹಾಕಿ ಪತ್ರ ಬರೆದು ಪ್ರತಿಭಟಿಸಿದ ಮೇಲೆ ರಾಜ್ಯಪಾಲರು ಲಿಖಿತವಾಗಿ ಕ್ಷಮೆ ಕೇಳಿದರು. ಒಬ್ಬಳ ಪ್ರಶ್ನೆಗೆ ಆದ ಅಗೌರವವನ್ನು ಎಲ್ಲರೂ ತಮ್ಮದೆಂದು ಭಾವಿಸದೆ ಇದ್ದಿದ್ದರೆ ಆ ಕ್ಷಮೆ ಬರುತ್ತಿತ್ತೆಂದು ನಂಬುವುದು ಕಷ್ಟ.

ಕರ್ನಾಟಕದಲ್ಲಿ ಇದು ಅಪರೂಪವಾಗಿರುವುದಕ್ಕೆ ವರದಿಗಾರರ ಗುಣಕ್ಕಿಂತ ಅವರ ಕೆಲಸದ ಕಟ್ಟುಪಾಡುಗಳೇ ಹೆಚ್ಚು ಕಾರಣ. ದೃಶ್ಯಮಾಧ್ಯಮದಲ್ಲಿ ‘ಬೈಟ್’ ಎಂದು ಕರೆಯುವ, ನಾಯಕರ ಬಾಯಿಂದ ಬಂದ ಅರ್ಧ ನಿಮಿಷದ ತುಣುಕು ಸಿಕ್ಕರೆ ಆ ದಿನದ ಕೆಲಸ ಮುಗಿದಂತೆ. ಮೈಕಿನ ಮೇಲೆ ಸಂಸ್ಥೆಯ ಲೋಗೋ ಕಾಣಬೇಕು, ಕಚೇರಿಯಿಂದ ಫೋನಿನಲ್ಲಿ ಬಂದ ಪ್ರಶ್ನೆಯನ್ನು ಹೇಗಾದರೂ ಕೇಳಿರಬೇಕು, ಅದು ಬೇರೆಯವರ ತೆರೆಗೆ ಮುಂಚೆ ತಮ್ಮ ತೆರೆಯ ಮೇಲೆ ಬರಬೇಕು. ಹೀಗಿರುವಾಗ ಪಕ್ಕದವರ ಪ್ರಶ್ನೆಗೆ ಉತ್ತರ ಸಿಕ್ಕಿತೇ ಎಂದು ಕಿವಿಗೊಡುವ ವ್ಯವಧಾನ ಯಾರಿಗೆ ಉಳಿದೀತು? ಈ ವಿಷಯದಲ್ಲಿ ತಪ್ಪು ವರದಿಗಾರರದ್ದಕ್ಕಿಂತ ಅವರನ್ನು ಕಳಿಸುವ ಸಂಪಾದಕರದ್ದೇ ದೊಡ್ಡದು, ಮತ್ತು ಈ ಪತ್ರ ಅವರ ಮೇಜನ್ನೂ ಮುಟ್ಟಬೇಕು. ಇನ್ನೊಂದು ಕಾರಣ ಸಲಿಗೆ. ದಿನವೂ ಎದುರಾಗುವ ನಾಯಕರನ್ನು ಕೆಲವರು ಕ್ಯಾಮೆರಾದ ಮುಂದೆಯೂ ‘ಅಣ್ಣಾ’ ಎಂದೇ ಕರೆಯುವುದುಂಟು. ಮನೆಯ ಹಿರಿಯಣ್ಣನನ್ನು ಎಲ್ಲರೆದುರು ಎರಡನೆಯ ಸಲ ಕೇಳುವುದಕ್ಕೆ ಬಾಯಿ ಬಾರದಿರುವುದು ಸಹಜವೇ ಆಗಿದೆ. 2022ರ ದೀಪಾವಳಿಯ ಹೊತ್ತಿಗೆ ಪತ್ರಕರ್ತರಿಗೆ ಹೋದ ಸಿಹಿ ತಿಂಡಿಯ ಪೊಟ್ಟಣಗಳಲ್ಲಿ ನಗದು ಇತ್ತೆಂಬ ಆರೋಪ ಎದ್ದು ದೂರು ಲೋಕಾಯುಕ್ತಕ್ಕೆ ಹೋದದ್ದನ್ನೂ, ಅದನ್ನು ಹಿಂತಿರುಗಿಸಿದವರೂ ಇದ್ದರೆಂದು ವರದಿಯಾದದ್ದನ್ನೂ ನಾಡು ಬಲ್ಲದು. ಹಿಂತಿರುಗಿಸಿದ ಆ ಕೈಗಳ ಮೇಲೆ ಓದುಗರಿಗೆ ಇರುವ ಗೌರವ ಸಣ್ಣದಲ್ಲ.

ಕಠಿಣತೆ ದನಿಯಲ್ಲಿ ಇರಬೇಕಾಗಿಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಂಜೆಯ ಚರ್ಚಾ ಕಾರ್ಯಕ್ರಮಗಳ ಬೊಬ್ಬೆಯನ್ನೇ ಕಠಿಣ ಪ್ರಶ್ನೆಯೆಂದು ತಿಳಿಯುವ ಅಭ್ಯಾಸ ಬೆಳೆದಿದೆ. ಕೂಗಿ ಕೇಳಿದ ಪ್ರಶ್ನೆ ರಾಜಕಾರಣಿಗೆ ವರವೇ ಹೊರತು ಶಾಪವಲ್ಲ. ಆತ ನೊಂದವನಂತೆ ಮುಖಮಾಡಿ ಪ್ರಶ್ನೆಯನ್ನು ಬಿಟ್ಟು ದನಿಯ ಬಗ್ಗೆ ಮಾತಾಡಿ ಪಾರಾಗುತ್ತಾನೆ. ಪ್ರಶ್ನೆ ಕಠಿಣವಾಗುವುದು ಅದು ಕಿರಿದಾದಾಗ. ಸರ್ಕಾರಿ ಖರೀದಿ ಮತ್ತು ಕಾಮಗಾರಿಗಳಿಗೆ ಬಹಿರಂಗ ಟೆಂಡರನ್ನು ಕಡ್ಡಾಯ ಮಾಡುವ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999 ಎಂಬ ಕಾನೂನಿದೆ. ಅದರ 4(ಜಿ) ಕಲಮು ನಿರ್ದಿಷ್ಟ ಸಂಗ್ರಹಣೆಗಳಿಗೆ ಅಧಿಸೂಚನೆಯ ಮೂಲಕ ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರಕ್ಕೆ ನೀಡುತ್ತದೆ, ಮತ್ತು ಆ ವಿನಾಯಿತಿಯ ಬಳಕೆಯ ಬಗ್ಗೆ ಬೇರೆ ಬೇರೆ ಸರ್ಕಾರಗಳ ಕಾಲದಲ್ಲಿ ವಿವಾದ ಎದ್ದಿದೆ. ‘ನಿಮ್ಮ ಇಲಾಖೆಯಲ್ಲಿ ಭ್ರಷ್ಟಾಚಾರ ನಡೆದಿದೆಯಂತಲ್ಲ, ಏನು ಹೇಳುತ್ತೀರಿ?’ ಎಂದು ಕೇಳಿದರೆ ಸಚಿವರು ಹತ್ತು ನಿಮಿಷ ನಿರರ್ಗಳವಾಗಿ ಮಾತಾಡಬಲ್ಲರು. ‘ಈ ಕಾಮಗಾರಿಯನ್ನು ಟೆಂಡರಿಲ್ಲದೆ 4(ಜಿ) ಅಡಿಯಲ್ಲಿ ಕೊಟ್ಟಿದ್ದೀರಾ? ಹೌದಾದರೆ ಅಧಿಸೂಚನೆಯ ದಿನಾಂಕ ಯಾವುದು? ಆರ್ಥಿಕ ಇಲಾಖೆ ಕಡತದಲ್ಲಿ ಏನು ಬರೆದಿತ್ತು?’ ಎಂದು ಕೇಳಿದರೆ ಉತ್ತರಕ್ಕೆ ಇರುವ ಜಾಗ ಒಂದೆರಡು ಪದಗಳಷ್ಟೇ. ಇಂಥ ಪ್ರಶ್ನೆಯನ್ನು ‘ಸರ್’ ಎಂದು ಆರಂಭಿಸಿ ನಗುಮುಖದಿಂದಲೇ ಕೇಳಬಹುದು. ಅದು ಪಕ್ಕದವರಿಗೆ ದಾಟಿಸುವುದಕ್ಕೂ ಸುಲಭ, ಏಕೆಂದರೆ ಉತ್ತರ ಬಂತೇ ಇಲ್ಲವೇ ಎಂಬುದು ಕೋಣೆಯಲ್ಲಿದ್ದವರಿಗೆಲ್ಲ ಆ ಕ್ಷಣವೇ ತಿಳಿಯುತ್ತದೆ.

ಇಂಥ ಕಿರಿದಾದ ಪ್ರಶ್ನೆಗೆ ಬೇಕಾದ ಸಾಮಗ್ರಿ ಗುಟ್ಟಿನದೇನಲ್ಲ. ಸಂವಿಧಾನದ 151ನೆಯ ವಿಧಿಯಂತೆ ರಾಜ್ಯಪಾಲರ ಮೂಲಕ ಸದನದ ಮುಂದೆ ಬರುವ ಮಹಾಲೇಖಪಾಲರ ವರದಿಗಳು, ಬಜೆಟ್ಟಿನ ಜೊತೆಗೆ ಹಂಚುವ ಪುಸ್ತಕಗಳು, 2005ರ ಮಾಹಿತಿ ಹಕ್ಕು ಕಾಯ್ದೆಯಡಿ 30 ದಿನಗಳೊಳಗೆ ಪಡೆಯಬಹುದಾದ ಕಡತಗಳು ಎಲ್ಲರಿಗೂ ಒಂದೇ.

ಸುದ್ದಿಗೋಷ್ಠಿಯ ಹೊಣೆ ಈಚಿನ ವರ್ಷಗಳಲ್ಲಿ ಹೆಚ್ಚಿದೆಯೆಂಬುದನ್ನೂ ಮನಗಾಣಬೇಕು. 2019ರ ಅಕ್ಟೋಬರಿನ ಅಧಿವೇಶನದಿಂದ ವಿಧಾನಸಭೆಯ ಒಳಗೆ ಖಾಸಗಿ ವಾಹಿನಿಗಳ ಕ್ಯಾಮೆರಾಗಳಿಗೆ ಪ್ರವೇಶ ನಿಷೇಧಿಸಲಾಯಿತು; ಸಚಿವರ ಉತ್ತರವನ್ನು ಅವು ಹಿಡಿಯಬಹುದಾದ ಜಾಗವಾಗಿ ಸುದ್ದಿಗೋಷ್ಠಿ ಉಳಿಯಿತು. ಅದಕ್ಕೆ ಎರಡು ವರ್ಷ ಮೊದಲು, 2017ರ ಜೂನ್‌ನಲ್ಲಿ, ಶಾಸಕರ ವಿರುದ್ಧ ಬರೆದದ್ದಕ್ಕಾಗಿ ಇಬ್ಬರು ಸಂಪಾದಕರಿಗೆ ಹಕ್ಕುಚ್ಯುತಿಯ ಹೆಸರಿನಲ್ಲಿ, ಅಂದರೆ ಸದನದ ವಿಶೇಷ ಹಕ್ಕಿಗೆ ಧಕ್ಕೆ ತಂದರೆಂಬ ಕಾರಣಕ್ಕೆ, ಅದೇ ಸದನ ಒಂದು ವರ್ಷದ ಸೆರೆವಾಸ ಮತ್ತು 10,000 ರೂಪಾಯಿ ದಂಡ ವಿಧಿಸಿತ್ತು. ಆ ಎರಡು ಬರಹಗಳ ಗುಣದೋಷ ಏನೇ ಇರಲಿ, ದೂರುದಾರರೂ ನ್ಯಾಯಾಧೀಶರೂ ಒಂದೇ ಸಭೆಯವರಾಗಿರುವ ವ್ಯವಸ್ಥೆಯಲ್ಲಿ ಒಂಟಿ ಪತ್ರಕರ್ತರು ಎಷ್ಟು ಬಲಹೀನರೆಂಬುದನ್ನು ಆ ಪ್ರಕರಣ ತೋರಿಸಿತು.

ಒಂಟಿತನದ ಈ ಭಯ ಅತಿ ಹೆಚ್ಚಾಗಿ ಕಾಡುವುದು ಜಿಲ್ಲೆಗಳಲ್ಲಿ. ಜಿಲ್ಲಾ ಉಸ್ತುವಾರಿ ಸಚಿವರು ಮೂರು ತಿಂಗಳಿಗೊಮ್ಮೆ ನಡೆಸುವ, ಕೆಡಿಪಿ ಸಭೆಯೆಂದು ಎಲ್ಲರೂ ಕರೆಯುವ ಪ್ರಗತಿ ಪರಿಶೀಲನಾ ಸಭೆಯ ನಂತರ ಜಿಲ್ಲಾ ಪಂಚಾಯಿತಿ ಕಚೇರಿಯಲ್ಲಿ ಗೋಷ್ಠಿ ಇರುತ್ತದೆ. ಕುಡಿಯುವ ನೀರಿನ ಯೋಜನೆ ಏಕೆ ನಿಂತಿದೆ, ಆಸ್ಪತ್ರೆಯ ಖಾಲಿ ಹುದ್ದೆಗೆ ವೈದ್ಯರು ಯಾವಾಗ ಬರುತ್ತಾರೆ ಎಂಬ ಪ್ರಶ್ನೆಗಳು ವಿಧಾನಸೌಧದ ಮೆಟ್ಟಿಲುಗಳಿಗಿಂತ ಅಲ್ಲಿ ಹೆಚ್ಚು ಅರ್ಥಪೂರ್ಣವಾಗಿ ಕೇಳಿಬರುತ್ತವೆ, ಏಕೆಂದರೆ ಉತ್ತರಿಸಬೇಕಾದ ಅಧಿಕಾರಿಗಳೂ ಅದೇ ಕೋಣೆಯಲ್ಲಿ ಕುಳಿತಿರುತ್ತಾರೆ. ಅಲ್ಲಿ ಒಬ್ಬರೇ ಎರಡು ಸಲ ಕೇಳಿದರೆ ಅವರ ಹೆಸರು ಸಚಿವರ ಆಪ್ತರ ನೆನಪಿನಲ್ಲಿ ಉಳಿಯುತ್ತದೆ, ಜಾಹೀರಾತು ನಿಲ್ಲುತ್ತದೆ. ಅದೇ ಪ್ರಶ್ನೆಯನ್ನು ನಾಲ್ಕು ಪತ್ರಿಕೆಗಳ ನಾಲ್ವರು ಒಬ್ಬರಾದ ಮೇಲೊಬ್ಬರು ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಕಾದದ್ದು ಯಾರ ಮೇಲೆ ಎಂಬುದೇ ಸಚಿವರಿಗೆ ತಿಳಿಯದಾಗುತ್ತದೆ.

ಆದ್ದರಿಂದ ಈ ಪತ್ರದ ಕೋರಿಕೆ ಜಿಲ್ಲಾ ಪತ್ರಕರ್ತರ ಸಂಘಗಳಿಗೆ ವಿಶೇಷವಾಗಿ ಸಲ್ಲುತ್ತದೆ. ಪ್ರತಿ ಕೆಡಿಪಿ ಸಭೆಯ ಮರುದಿನ, ಸಚಿವರು ಏನು ಹೇಳಿದರೆಂಬ ಸುದ್ದಿಯ ಪಕ್ಕದಲ್ಲಿಯೇ, ಕೇಳಿದ ಪ್ರಶ್ನೆಗಳಲ್ಲಿ ಯಾವುದಕ್ಕೆ ಉತ್ತರ ಸಿಗಲಿಲ್ಲವೆಂಬುದನ್ನು ದಿನಾಂಕದ ಸಮೇತ ನಾಲ್ಕು ಸಾಲಿನ ಚೌಕಟ್ಟಿನಲ್ಲಿ ಎಲ್ಲ ಪತ್ರಿಕೆಗಳೂ ಪ್ರಕಟಿಸಬಹುದು. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಖರ್ಚೂ ಇಲ್ಲ. ಮೂರು ತಿಂಗಳ ನಂತರ ಅದೇ ಸಚಿವರು ಅದೇ ಸಭಾಂಗಣಕ್ಕೆ ಬರುವ ಮುಂಚೆ, ಹೊರಗೆ ಚಹಾ ಕುಡಿಯುತ್ತ ನಿಂತ ಹೊತ್ತಿನಲ್ಲಿ, ಆ ಚೌಕಟ್ಟಿನ ಮೊದಲ ಪ್ರಶ್ನೆಯನ್ನು ಯಾರು ಕೇಳುತ್ತಾರೆ, ಉತ್ತರ ಬಾರದಿದ್ದರೆ ಎರಡನೆಯ ಸಲ ಯಾರು, ಮೂರನೆಯ ಸಲ ಯಾರು ಎಂಬುದನ್ನು ತಮ್ಮತಮ್ಮಲ್ಲಿ ಗೊತ್ತುಮಾಡಿಕೊಳ್ಳಬಹುದು.

ವಿಶ್ವಾಸದಿಂದ,
ಒಬ್ಬ ಕನ್ನಡ ಓದುಗ